‘ಡ್ರಾ’ ಎಂಬ ಪದವೂ ತೊಗರ್ಸಿಯ ಬಾವಿಯೂ: ನಿಘಂಟುಕಾರರಿಗೊಂದು ಅರಿಕೆ

ಕೆಲವು ವರ್ಷಗಳ ಹಿಂದೆ ಪದವಿ ತರಗತಿಯ ಭಾಷಾಂತರ ಪತ್ರಿಕೆಯೊಂದರ ಉತ್ತರಗಳನ್ನು ಮೌಲ್ಯಮಾಪನ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ರೈತರು ಬಾವಿಯಿಂದ ನೀರು ತೆಗೆಯುತ್ತಾರೆ ಎಂಬರ್ಥದ, ‘ಡ್ರಾ’ ಎಂಬ ಕ್ರಿಯಾಪದವುಳ್ಳ ಸರಳವಾದ ಇಂಗ್ಲಿಷ್ ವಾಕ್ಯವೊಂದನ್ನು ಅಲ್ಲಿ ಕನ್ನಡಕ್ಕೆ ತರಬೇಕಾಗಿತ್ತು. ಹೆಚ್ಚಿನವರು ‘ತೆಗೆಯುತ್ತಾರೆ’ ಎಂದು ಬರೆದಿದ್ದರು. ಕೆಲವರು ‘ಸೇದುತ್ತಾರೆ’ ಎಂದಿದ್ದರು. ಒಬ್ಬ ವಿದ್ಯಾರ್ಥಿ ಮಾತ್ರ ‘ರೈತರು ಬಾವಿಯಿಂದ ನೀರನ್ನು ಎಳೆಯುತ್ತಾರೆ’ ಎಂದು ಬರೆದಿದ್ದ. ನಾನು ಕೆಂಪು ಶಾಯಿಯಲ್ಲಿ ‘ಎಳೆಯುತ್ತಾರೆ’ ಎಂಬುದರ ಕೆಳಗೆ ಗೆರೆ ಎಳೆದು ಅರ್ಧ ಅಂಕ ಕಳೆದೆ. ಇಂಗ್ಲಿಷ್ ಪದದ ಮೊದಲ ಅರ್ಥವನ್ನು ನಿಘಂಟಿನಿಂದ ಎತ್ತಿ ತಂದು ಕನ್ನಡದ ಮೇಲೆ ಹೇರಿದ್ದಾನೆ ಎಂಬುದು ಅಂದಿನ ನನ್ನ ತೀರ್ಮಾನವಾಗಿತ್ತು. ಆ ತೀರ್ಮಾನವನ್ನು ಹಿಂದಕ್ಕೆ ಪಡೆಯುವುದೇ ಈ ಬರೆಹದ ಉದ್ದೇಶ. ಅದರ ಜೊತೆಗೆ ನಮ್ಮ ಇಂಗ್ಲಿಷ್–ಕನ್ನಡ ನಿಘಂಟುಗಳ ರಚನೆಯ ಬಗ್ಗೆ ಒಂದು ಅಭಿಪ್ರಾಯವನ್ನೂ ವಿದ್ವಾಂಸರ ಮುಂದಿಡಬೇಕಾಗಿದೆ.

ಮೊದಲು ಆ ಇಂಗ್ಲಿಷ್ ಪದದ ಕುಲವನ್ನು ನೋಡಬೇಕು. ‘ಡ್ರಾ’ ಹಳೆಯ ಇಂಗ್ಲಿಷಿನಿಂದ ಬಂದ ಅಚ್ಚ ದೇಶ್ಯ ಪದ. ಎಳೆಯುವುದೇ ಅದರ ಮೂಲಾರ್ಥ. ‘ಡ್ರಾಗ್’ ಎಂಬುದು ಅದರ ದಾಯಾದಿ. ‘ಡ್ರಾಫ್ಟ್’ ಅದರದೇ ಸಂತಾನ. ಆ ಭಾಷೆಯಲ್ಲಿ ಗಾಡಿ, ನೀರು, ಕತ್ತಿ, ಉಸಿರು, ಚಿತ್ರ, ಗೆರೆ, ಸಂಬಳ, ಚೀಟಿ, ಪರದೆ, ಜನರ ಗಮನ ಇಷ್ಟಕ್ಕೂ ಈ ಒಂದೇ ಕ್ರಿಯಾಪದ ಸಾಕು. ‘ಪುಲ್’ ಎಂಬುದು ಇದಕ್ಕಿಂತ ಬಡಪಾಯಿ; ಬ್ಯಾಂಕಿನ ಬಾಗಿಲಿನ ಮೇಲೆ ನಿಂತು ತನ್ನ ಕೆಲಸ ಮಾಡಿಕೊಂಡಿರುತ್ತದೆ. ‘ಡ್ರಾ’ ಹಾಗಲ್ಲ. ಕನ್ನಡದೊಳಕ್ಕೂ ಅದು ನಾಲ್ಕಾರು ಬಾಗಿಲುಗಳಿಂದ ಬಂದಿದೆ. ಮೇಜಿನ ಖಾನೆಯನ್ನು ನಾವು ‘ಡ್ರಾ’ ಎನ್ನುತ್ತೇವೆ. ಪಂದ್ಯ ‘ಡ್ರಾ’ ಆಗುತ್ತದೆ. ಹಣವನ್ನು ‘ಡ್ರಾ’ ಮಾಡುತ್ತೇವೆ. ಬ್ಯಾಂಕಿನಲ್ಲಿ ‘ಡ್ರಾಫ್ಟ್’ ತೆಗೆಸುತ್ತೇವೆ. ಶಾಲೆಯಲ್ಲಿ ‘ಡ್ರಾಯಿಂಗ್ ಮೇಷ್ಟ್ರು’ ಇರುತ್ತಾರೆ. ಗಂಡಸರ ಒಳಚಡ್ಡಿಗೂ ‘ಡ್ರಾಯರ್’ ಎಂಬ ಹೆಸರು ಹಳ್ಳಿಗಳವರೆಗೆ ಹಬ್ಬಿದೆ. ಮೇಜಿನ ಖಾನೆಗೂ ಒಳಚಡ್ಡಿಗೂ ಒಂದೇ ಹೆಸರು ಹೇಗೆ ಬಂತೆಂದು ವಿದ್ಯಾರ್ಥಿಗಳು ನಗುವುದುಂಟು. ಎರಡೂ ಎಳೆಯುವ ವಸ್ತುಗಳೇ ಎಂದು ಹೇಳಿದರೆ ಅವರ ನಗೆ ಇನ್ನೂ ಹೆಚ್ಚುತ್ತದೆ.

ಇಂಥ ಪದವನ್ನು ನಮ್ಮ ಇಂಗ್ಲಿಷ್–ಕನ್ನಡ ನಿಘಂಟುಗಳು ಹೇಗೆ ಎದುರಿಸುತ್ತ ಬಂದಿವೆ? ವಿಲಿಯಂ ರೀವ್ 1824ರಲ್ಲಿ ಮದ್ರಾಸಿನಿಂದ ಹೊರತಂದ ಕೋಶದಿಂದ ಮೊದಲ್ಗೊಂಡು, ಮೈಸೂರು ವಿಶ್ವವಿದ್ಯಾನಿಲಯವು 1946ರಲ್ಲಿ ಪ್ರಕಟಿಸಿದ ನಿಘಂಟನ್ನು ದಾಟಿ, ಇಂದು ಅಂಗಡಿಯಲ್ಲಿ ಸಿಗುವ ಕೈಪಿಡಿಗಳವರೆಗೆ ಕ್ರಮ ಹೆಚ್ಚು ಬದಲಾಗಿಲ್ಲ. ಇಂಗ್ಲಿಷ್ ಪದದ ಅರ್ಥಗಳನ್ನು ಇಂಗ್ಲಿಷಿನ ಕ್ರಮದಲ್ಲಿಯೇ ವಿಂಗಡಿಸಿ, ಒಂದೊಂದಕ್ಕೂ ಎದುರಾಗಿ ಕನ್ನಡದ ಪದಗಳನ್ನು ಅಲ್ಪವಿರಾಮ ಹಾಕಿ ಜೋಡಿಸುವುದು ಆ ಕ್ರಮ. ಎಳೆ, ಸೆಳೆ, ಜಗ್ಗು, ಸೇದು ಎಂಬ ಪದಗಳು ಒಂದರ ಪಕ್ಕದಲ್ಲೊಂದು ಸಂತೆಯ ಸಾಲಿನಲ್ಲಿ ಕುಳಿತಂತೆ ಕುಳಿತಿರುತ್ತವೆ. ಯಾವುದನ್ನು ಯಾವಾಗ ಎತ್ತಿಕೊಳ್ಳಬೇಕು ಎಂಬುದನ್ನು ಅಲ್ಪವಿರಾಮ ಹೇಳುವುದಿಲ್ಲ. ಕನ್ನಡವನ್ನು ಹುಟ್ಟಿನಿಂದ ಬಲ್ಲವನಿಗೆ ಅದು ಬೇಕಾಗಿಯೂ ಇರಲಿಲ್ಲ; ಅವನ ಕಿವಿಯೇ ಹೇಳುತ್ತಿತ್ತು. ಕನ್ನಡವನ್ನು ಶಾಲೆಯಲ್ಲಿ ಒಂದು ವಿಷಯವಾಗಿ ಮಾತ್ರ ಓದುವ ತಲೆಮಾರು ಬಂದಿರುವಾಗ, ಯಂತ್ರಗಳೇ ಅನುವಾದ ಮಾಡತೊಡಗಿರುವಾಗ, ಆ ಕಿವಿಯನ್ನು ನೆಚ್ಚಿ ಕೂರುವಂತಿಲ್ಲ.

ಈ ಸಮಸ್ಯೆ ನನ್ನ ಪಾಲಿಗೆ ಸ್ಪಷ್ಟವಾದುದು ಶಿಕಾರಿಪುರ ತಾಲ್ಲೂಕಿನ ತೊಗರ್ಸಿಯಲ್ಲಿ. ಆಡುಮಾತಿನ ಕ್ರಿಯಾಪದಗಳನ್ನು ಸಂಗ್ರಹಿಸುವ ಒಂದು ಸಣ್ಣ ಕೆಲಸಕ್ಕಾಗಿ ಶಿಕಾರಿಪುರ, ಸೊರಬ ತಾಲ್ಲೂಕುಗಳ ಕೆಲವು ಊರುಗಳಲ್ಲಿ ತಿರುಗಾಡುತ್ತಿದ್ದೆ. ಭಾಷೆಯ ದೃಷ್ಟಿಯಿಂದ ಈ ಸೀಮೆ ಕುತೂಹಲಕರವಾದುದು. ಒಂದು ಕಡೆ ಮಲೆನಾಡು, ಇನ್ನೊಂದು ಕಡೆ ಹಿರೇಕೆರೂರು–ಹಾನಗಲ್ಲುಗಳ ಬಯಲು. ತಾಳಗುಂದ, ಬಳ್ಳಿಗಾವಿಗಳು ನೆರೆಯಲ್ಲೇ ಇರುವುದರಿಂದ ಶಾಸನಗಳ ಕನ್ನಡಕ್ಕೂ ಇದು ತವರು. ತೊಗರ್ಸಿಯ ಒಂದು ಮನೆಯ ಹಿತ್ತಿಲಲ್ಲಿ, ಬಾವಿಕಟ್ಟೆಯ ಬಳಿ, ವಯಸ್ಸಾದ ತಾಯಿಯೊಬ್ಬರನ್ನು ಮಾತಿಗೆಳೆದಿದ್ದೆ. ‘ಬಾವಿಯಿಂದ ನೀರು ಎಳೆಯುವಾಗ ಯಾವ ಹಗ್ಗ ಬಳಸುತ್ತೀರಿ’ ಎಂದು ಬೇಕೆಂದೇ ತಪ್ಪಾಗಿ ಕೇಳಿದೆ. ಅವರು ನನ್ನನ್ನು ಕನಿಕರದಿಂದ ನೋಡಿ, “ನೀರು ಸೇದ್ತಾರೆ ಮೇಷ್ಟ್ರೆ, ಯಾರಾರ ಎಳೀತಾರಾ? ಎಳಿಯಾದು ತೇರು” ಎಂದರು.

ಅಲ್ಪವಿರಾಮಗಳು ಹೇಳದಿದ್ದುದನ್ನು ಆ ಒಂದು ಮಾತು ಹೇಳಿತು. ‘ಸೇದು’ ಎಂಬಲ್ಲಿ ಮೇಲುಮುಖವಾದ ಚಲನೆಯಿದೆ, ಕೈ ಬದಲಿಸಿ ಬದಲಿಸಿ ಮಾಡುವ ಲಯವಿದೆ, ಹಗ್ಗದ ಇನ್ನೊಂದು ತುದಿಯಲ್ಲಿ ಕಣ್ಣಿಗೆ ಕಾಣದ ತೂಕವಿದೆ. ಸೇದುವ ಬಾವಿ ಬೇರೆ, ಮೆಟ್ಟಿಲಿಳಿದು ಮೊಗೆಯುವ ಬಾವಿ ಬೇರೆ. ಇಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಬೀಡಿಯನ್ನೂ ನಾವು ಸೇದುತ್ತೇವೆ. ನೀರಿಗೂ ಹೊಗೆಗೂ ಇಂಗ್ಲಿಷಿನಲ್ಲಿ ‘ಡ್ರಾ’ ಸಲ್ಲುವಂತೆ ಕನ್ನಡದಲ್ಲಿ ‘ಸೇದು’ ಸಲ್ಲುತ್ತದೆ. ಒಂದಕ್ಕೊಂದು ನಂಟಿಲ್ಲದ ಎರಡು ಭಾಷೆಗಳು ಇಲ್ಲಿ ಒಂದೇ ದಾರಿ ಹಿಡಿದಿವೆ. ಆದ್ದರಿಂದ ಕನ್ನಡದ ಮನಸ್ಸೇ ಬೇರೆ, ಇಂಗ್ಲಿಷಿನ ಮನಸ್ಸೇ ಬೇರೆ ಎಂದು ಅವಸರದಲ್ಲಿ ಸಾರುವಂತಿಲ್ಲ. ಆದರೆ ಬೀಡಿಯನ್ನು ‘ಸೇದುವ’ ಮನುಷ್ಯನೇ ‘ಒಂದು ದಮ್ಮು ಎಳೆದೆ’ ಎನ್ನುತ್ತಾನೆ. ಬೀಡಿಗೆ ಸೇದು, ದಮ್ಮಿಗೆ ಎಳೆ. ಇನ್ನು ದಿನವಿಡೀ ಗದ್ದೆಯಲ್ಲಿ ಬಗ್ಗಿ ಬಂದವರು ರಾತ್ರಿ ‘ಕೈಕಾಲು ಸೇದುತ್ತಿವೆ’ ಎನ್ನುತ್ತಾರೆ. ಒಳಗಿನಿಂದ ಯಾರೋ ಹಗ್ಗ ಹಾಕಿ ಸೇದಿದಂತಾಗುವ ಆ ನೋವಿಗೆ ಯಾವ ಇಂಗ್ಲಿಷ್–ಕನ್ನಡ ನಿಘಂಟಿನಲ್ಲಿ ಯಾವ ಪದದ ಕೆಳಗೆ ಜಾಗ ಕೊಡಬೇಕು? ವೈದ್ಯರ ಮುಂದೆ ಕುಳಿತ ಮುದುಕಿ ‘ಕಾಲು ಸೇದ್ತತಿ’ ಎಂದಾಗ ಅದನ್ನು ಬರೀ ‘ನೋವು’ ಎಂದು ಬರೆದುಕೊಂಡರೆ ಅವಳು ಹೇಳಿದ್ದರಲ್ಲಿ ಅರ್ಧ ಕಳೆದುಹೋಗುತ್ತದೆ.

ತೇರಿನ ಮಾತಿಗೆ ಬರೋಣ. ತೊಗರ್ಸಿಯವರಿಗೆ ತೇರೆಂದರೆ ಮಲ್ಲಿಕಾರ್ಜುನನ ತೇರು. ಶಿಕಾರಿಪುರದವರಿಗೆ ಹುಚ್ಚರಾಯಸ್ವಾಮಿಯ ತೇರು. ಯಾವ ತೇರಾದರೂ ಅದನ್ನು ಎಳೆಯುತ್ತಾರೆ, ಸೇದುವುದಿಲ್ಲ, ಸೆಳೆಯುವುದಿಲ್ಲ. ನೆಲಕ್ಕೆ ಅಂಟಿಕೊಂಡೇ ಚಲಿಸುವ ಭಾರ, ಮುಂದೆ ನಿಂತ ಹಲವರ ಬಲ, ಹಿಂದೆ ಉಳಿಯುವ ಗಾಲಿಯ ಗುರುತು ಇವು ಸೇರಿದಾಗ ಅದು ‘ಎಳೆ’. ಎತ್ತು ಗಾಡಿಯನ್ನು ಎಳೆಯುತ್ತದೆ. ಗಾಡಿಯ ಮೇಲೆ ಕುಳಿತವನು ಗಾಡಿಯನ್ನು ‘ಹೊಡೆಯುತ್ತಾನೆ’. ದುಡಿಮೆ ಯಾರದು, ಯಜಮಾನಿಕೆ ಯಾರದು ಎಂಬುದನ್ನು ಭಾಷೆ ಇಷ್ಟು ಖಂಡಿತವಾಗಿ ಬೇರ್ಪಡಿಸಿಟ್ಟಿದೆ. ಸಂಸಾರವನ್ನು ಎಳೆಯುವವರ ಬಗ್ಗೆ ಮಾತಾಡುವಾಗ ನಾವು ಅವರನ್ನು ಎತ್ತಿನ ಜಾಗದಲ್ಲಿ ನಿಲ್ಲಿಸುತ್ತೇವೆಯೇ ಹೊರತು ಗಾಡಿಯ ಮೇಲೆ ಕೂರಿಸುವುದಿಲ್ಲ.

‘ಎಳೆ’ ಎಂಬ ರೂಪದಲ್ಲಿ ಇಂದು ಮೂರು ಬೇರೆ ಬೇರೆ ಪದಗಳು ಬೆರೆತಿವೆ ಎಂಬುದು ಭಾಷಾಶಾಸ್ತ್ರದ ವಿದ್ಯಾರ್ಥಿಗಳಿಗೆ ಗೊತ್ತಿರುವ ಸಂಗತಿ. ಎಳೆಯುವುದು, ದಾರದ ಎಳೆ, ಎಳೆಗರುವಿನ ಎಳೆ. ಹಳಗನ್ನಡದಲ್ಲಿ ಮೊದಲಿನ ಎರಡಕ್ಕೆ ೞಕಾರವಿತ್ತು, ಮೂರನೆಯದಕ್ಕೆ ಳಕಾರವಿತ್ತು. ತಮಿಳು ಇಂದಿಗೂ ಆ ಭೇದವನ್ನು ಉಳಿಸಿಕೊಂಡಿದೆ. ಹದಿಮೂರನೆಯ ಶತಮಾನದ ಕೇಶಿರಾಜ ೞಕಾರವುಳ್ಳ ಪದಗಳನ್ನು ‘ಶಬ್ದಮಣಿದರ್ಪಣ’ದಲ್ಲಿ ಪಟ್ಟಿ ಮಾಡಿಯೇ ಕೊಡಬೇಕಾಯಿತೆಂದರೆ ಜನರ ಬಾಯಿಯಲ್ಲಿ ಆ ಭೇದ ಆಗಲೇ ಅಳಿಸಿಹೋಗುತ್ತಿದ್ದಿರಬೇಕು. ಅಕ್ಷರ ಹೋದರೂ ಜನ ಗೊಂದಲಪಡಲಿಲ್ಲ. ಅಂಗಳದಲ್ಲಿ ಚುಕ್ಕಿಯಿಟ್ಟು ರಂಗೋಲಿ ಹಾಕುವ ಹೆಣ್ಣುಮಗಳು ‘ನಾಲ್ಕು ಎಳೆ ಎಳೆದರಾಯಿತು’ ಎನ್ನುವಾಗ ನಾಮಪದವನ್ನೂ ಕ್ರಿಯಾಪದವನ್ನೂ ಅಕ್ಕಪಕ್ಕದಲ್ಲಿ ಇಟ್ಟಿರುತ್ತಾಳೆ. ಗೆರೆ ಎಂದರೆ ಎಳೆದದ್ದು ಎಂಬ ಭಾವನೆ ಕನ್ನಡಕ್ಕೂ ಹೊಸದಲ್ಲ. ಕಾದ ಕಬ್ಬಿಣದಿಂದ ‘ಬರೆ ಎಳೆಯುವುದು’ ಎಂಬ ಮಾತಿದೆಯಲ್ಲ, ಅದರಲ್ಲಿ ‘ಬರೆ’ಯೂ ಇದೆ, ‘ಎಳೆ’ಯೂ ಇದೆ. ಗಾಯದ ಮೇಲೆ ಬರೆ ಎಳೆದಂತೆ ಎಂಬ ಗಾದೆಯನ್ನು ಬಲ್ಲವರಿಗೆ, ಇಂಗ್ಲಿಷಿನಲ್ಲಿ ಎಳೆಯುವ ಪದವೇ ಚಿತ್ರ ಬರೆಯುವ ಪದವಾದುದು ಅಷ್ಟೇನೂ ವಿಚಿತ್ರವಾಗಿ ತೋರಲಾರದು.

ಆದರೂ ಕನ್ನಡಿಗರು ಚಿತ್ರವನ್ನು ‘ಎಳೆಯುವುದಿಲ್ಲ’. ಬರೆಯುತ್ತಾರೆ, ಇಲ್ಲವೆ ಬಿಡಿಸುತ್ತಾರೆ. ಸೊರಬ, ಸಾಗರ ಸೀಮೆಯ ದೀವರ ಮನೆಗಳಲ್ಲಿ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ, ಪುಂಡಿನಾರಿನ ಕುಂಚವನ್ನು ಅಕ್ಕಿಹಿಟ್ಟಿನ ಬಿಳಿಯಲ್ಲಿ ಅದ್ದಿ ಹೆಂಗಸರು ಮಾಡುವ ಹಸೆ ಚಿತ್ತಾರವನ್ನು ನೋಡಿದವರಿಗೆ ಗೊತ್ತು, ಅಲ್ಲಿ ಇರುವುದೆಲ್ಲ ಗೆರೆಯೇ. ಒಂದೊಂದು ಗೆರೆಯನ್ನೂ ಉಸಿರು ಹಿಡಿದು ಎಳೆದಿರುತ್ತಾರೆ. ಗೆರೆಗೆ ‘ಎಳೆ’ ಎಂಬ ಕ್ರಿಯಾಪದವೇ. ಗೆರೆಗಳೆಲ್ಲ ಸೇರಿ ಚಿತ್ತಾರವಾದಾಗ ಮಾತ್ರ ಅದನ್ನು ಬರೆಯುತ್ತಾರೆ. ಬಿಡಿ ಕೆಲಸಕ್ಕೊಂದು ಪದ, ಮುಗಿದ ಕೆಲಸಕ್ಕೊಂದು ಪದ.

‘ಬಿಡಿಸು’ ಎಂಬುದರ ಮೇಲೆ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬಯಸುತ್ತೇನೆ. ಇದು ‘ಬಿಡು’ ಎಂಬುದರ ಪ್ರೇರಣಾರ್ಥಕ ರೂಪ. ಎಳೆಯುವುದಕ್ಕೆ ಸರಿ ವಿರುದ್ಧವಾದದ್ದು ಬಿಡುವುದು. ಆದರೂ ಇಂಗ್ಲಿಷ್ ‘ಡ್ರಾ’ ಸಲ್ಲುವ ಎರಡು ಮುಖ್ಯ ಜಾಗಗಳಲ್ಲಿ ಕನ್ನಡ ‘ಬಿಡಿಸು’ ಎಂಬುದನ್ನು ಇಟ್ಟಿದೆ. ಮಗು ಚಿತ್ರ ಬಿಡಿಸುತ್ತದೆ. ಅದರ ತಂದೆ ಬ್ಯಾಂಕಿಗೆ ಹೋಗಿ ದುಡ್ಡು ಬಿಡಿಸಿಕೊಂಡು ಬರುತ್ತಾನೆ. ಇದೇ ಪದದಿಂದ ನಾವು ಹೂವು ಬಿಡಿಸುತ್ತೇವೆ, ಅವರೆಕಾಳು ಬಿಡಿಸುತ್ತೇವೆ, ಒಗಟು ಬಿಡಿಸುತ್ತೇವೆ, ಜಗಳ ಬಿಡಿಸುತ್ತೇವೆ, ಅಡವಿಟ್ಟ ಒಡವೆಯನ್ನು ಬಿಡಿಸುತ್ತೇವೆ. ಎಲ್ಲೋ ಕಟ್ಟಿಕೊಂಡು ಅಥವಾ ಅಡಗಿಕೊಂಡು ಇರುವುದನ್ನು ಸಡಿಲಿಸಿ ಹೊರತರುವುದು ಇವೆಲ್ಲದರಲ್ಲಿಯೂ ಇರುವ ಸಮಾನ ಅಂಶ. ಬ್ಯಾಂಕಿನಲ್ಲಿರುವ ದುಡ್ಡನ್ನು ರೈತ ಕಟ್ಟಿಹಾಕಿದ ದನವೆಂದು ಭಾವಿಸಿದನೇ, ಗೋಡೆಯಲ್ಲಿ ಚಿತ್ರ ಮೊದಲೇ ಸೆರೆಯಾಗಿತ್ತೆಂದು ನಮ್ಮ ಹಿರಿಯರು ತಿಳಿದಿದ್ದರೇ ಎಂದೆಲ್ಲ ಕೇಳುವ ಆಸೆಯಾಗುತ್ತದೆ. ಒಂದು ಕ್ರಿಯಾಪದದಿಂದ ಒಂದು ಜನಾಂಗದ ತತ್ತ್ವಶಾಸ್ತ್ರವನ್ನೇ ಹೊರತೆಗೆಯುವ ಲೇಖನಗಳು ನಮ್ಮಲ್ಲಿ ಸಾಕಷ್ಟಿವೆ. ಅವುಗಳಿಗೆ ಇನ್ನೊಂದನ್ನು ಸೇರಿಸುವ ಇಚ್ಛೆ ನನಗಿಲ್ಲ. ನಾನು ಹೇಳಬೇಕಾದುದು ಇಷ್ಟೆ: ‘ಎಳೆ’ ಎಂಬ ಬೀಗದ ಕೈಯನ್ನು ಹಿಡಿದು ನಿಘಂಟಿನಲ್ಲಿ ಹುಡುಕುತ್ತ ಹೊರಟವನು ‘ಬಿಡಿಸು’ ಎಂಬ ಬಾಗಿಲ ಬಳಿಗೆ ಎಂದೂ ಬರಲಾರ.

ಇನ್ನುಳಿದವುಗಳನ್ನು ಬೇಗ ನೋಡೋಣ. ಬಣವೆಯಿಂದ ಹುಲ್ಲನ್ನು ‘ಹಿರಿಯುತ್ತಾರೆ’. ಒರೆಯಿಂದ ಕತ್ತಿಯನ್ನೂ ‘ಹಿರಿಯುತ್ತಾರೆ’. ಬಿಗಿಯಾಗಿ ಕೂತದ್ದನ್ನು ಉದ್ದಕ್ಕೆ ಹೊರಗೆಳೆಯುವ ಕೆಲಸ ಎರಡೂ. ಹಿತ್ತಿಲಲ್ಲಿ ಎಮ್ಮೆಗೆ ಹುಲ್ಲು ಹಿರಿದು ಹಾಕುವ ಹುಡುಗನಿಗೂ ಕಾವ್ಯದ ವೀರನಿಗೂ ಒಂದೇ ಕ್ರಿಯಾಪದ ಒದಗುತ್ತದೆಂಬುದನ್ನು ತರಗತಿಯಲ್ಲಿ ಹೇಳಿದರೆ ಹಳಗನ್ನಡದ ಬಗೆಗಿನ ಭಯ ಸ್ವಲ್ಪ ಕಡಿಮೆಯಾಗುತ್ತದೆ; ಇದು ನನ್ನ ಅನುಭವ. ಹಳಗನ್ನಡದಲ್ಲಿ ಇದೇ ಕೆಲಸಕ್ಕೆ ‘ಉರ್ಚು’ ಎಂಬ ಪದವೂ ಇತ್ತು. ಈ ಎರಡು ತಾಲ್ಲೂಕುಗಳ ಶಾಸನಗಳನ್ನು ಬಿ.ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ 7 ಮತ್ತು 8ನೆಯ ಸಂಪುಟಗಳಲ್ಲಿ (1902, 1904) ಪ್ರಕಟಿಸಿದ್ದಾರೆ. ಸೊರಬದ ವೀರಗಲ್ಲುಗಳ ಸಂಖ್ಯೆಯೇ ದೊಡ್ಡದು. ತುರುಗೊಳ್, ಪೆಣ್ಬುಯ್ಯಲ್ ಮುಂತಾದ ಮಾತುಗಳೊಡನೆ ಕನ್ನಡ ವೀರಗಲ್ಲುಗಳಲ್ಲಿ ‘ಉಡೆಯುರ್ಚು’ ಎಂಬ ಮಾತೂ ಬರುತ್ತದೆ. ಊರಿನ ಮೇಲೆ ಬಿದ್ದವರು ಹೆಂಗಸರ ಉಡುಗೆಯನ್ನು ಸೆಳೆಯುವುದಕ್ಕೆ ಆ ಹೆಸರು. ಕತ್ತಿಯನ್ನು ಒರೆಯಿಂದ ತೆಗೆಯುವುದಕ್ಕೂ ಅದೇ ‘ಉರ್ಚು’. ಆ ಕಲ್ಲುಗಳನ್ನು ಓದುವಾಗ ಇವೆರಡನ್ನೂ ಒಟ್ಟಿಗೆ ನೆನೆಯದಿರಲು ಆಗುವುದಿಲ್ಲ.

ಬೇರಿದ್ದದ್ದನ್ನು ‘ಕೀಳುತ್ತಾರೆ’: ಸಸಿ, ಕಳೆ, ಹಲ್ಲು, ಈಗ ಈ ಭಾಗದಲ್ಲೆಲ್ಲ ಶುಂಠಿ. ದೀಪಾವಳಿಯಿಂದ ಮುಂದಕ್ಕೆ ಶಿಕಾರಿಪುರ, ಸೊರಬಗಳ ಊರೂರುಗಳಲ್ಲಿ ನಡೆಯುವ ಹೋರಿ ಹಬ್ಬದಲ್ಲಿ, ಓಡುವ ಹೋರಿಯ ಕೊರಳ ಕೊಬ್ಬರಿಸರವನ್ನು ‘ಹರಿಯುತ್ತಾರೆ’. ಅಲ್ಲಿ ಎಳೆಯುವುದೂ ಇದೆ, ಹಿಡಿಯುವುದೂ ಇದೆ. ಆದರೆ ಫಲವನ್ನು ಹೇಳುವ ಪದವೇ ಗೆದ್ದಿದೆ. ಎಳೆದೂ ಹರಿಯದಿದ್ದರೆ ಯಾರೂ ಗೆದ್ದಂತಾಗುವುದಿಲ್ಲವಲ್ಲ.

‘ಜಗ್ಗು’ ಎಂಬುದರ ಸ್ಥಿತಿ ಈ ಗಡಿಸೀಮೆಯಲ್ಲಿ ವಿಶೇಷವಾದುದು. ಧಾರವಾಡದ ಕಡೆಗೆ ಹೋದಷ್ಟೂ ಇದರ ರಾಜ್ಯ ವಿಸ್ತರಿಸುತ್ತದೆ. ಅಲ್ಲಿ ಬಾವಿಯ ನೀರನ್ನೂ ಜಗ್ಗುತ್ತಾರೆ. ಮಲೆನಾಡಿನ ಕಡೆಗೆ ಬಂದಂತೆ ಅದು ಹಗ್ಗ ಜಗ್ಗಾಟಕ್ಕೂ ಮರದ ಕೊಂಬೆಗೂ ಸೀಮಿತವಾಗುತ್ತದೆ. ತೊಗರ್ಸಿಯಂಥ ಊರಿನಲ್ಲಿ ಒಂದೇ ಮನೆಯಲ್ಲಿ ಅತ್ತೆ ನೀರು ಸೇದಿದರೆ, ಹಾನಗಲ್ಲಿನ ಕಡೆಯಿಂದ ಬಂದ ಸೊಸೆ ನೀರು ಜಗ್ಗುತ್ತಾಳೆ. ಕೊಡ ಒಂದೇ, ಬಾವಿ ಒಂದೇ. ಒತ್ತಡಕ್ಕೆ ಬಾಗುವುದಕ್ಕೂ ‘ಜಗ್ಗು’ ಎನ್ನುವುದರಿಂದ ‘ಯಾರಿಗೂ ಜಗ್ಗುವವಳಲ್ಲ’ ಎಂಬ ಮಾತು ಸೊಸೆಗೂ ಅತ್ತೆಗೂ ಸಮನಾಗಿ ಸಲ್ಲುತ್ತದೆ.

ಇಷ್ಟೊಂದು ಪದಗಳಿದ್ದೂ ನಮ್ಮ ಬರೆಹದ ಕನ್ನಡ, ವಿಶೇಷವಾಗಿ ಕಚೇರಿಯ ಕನ್ನಡ, ‘ಸೆಳೆ’ ಎಂಬ ಒಂದನ್ನೇ ನೆಚ್ಚಿಕೊಂಡಿದೆ. ‘ಸೆಳೆ’ ಎಂಬುದು ನೀರಿನ ರಭಸಕ್ಕೂ ಸಲ್ಲುವ ಪದ. ಮಳೆಗಾಲದಲ್ಲಿ ವರದಾ, ದಂಡಾವತಿ ತುಂಬಿ ಹರಿಯುವಾಗ ‘ಸೆಳವಿಗೆ ಇಳಿಯಬೇಡ’ ಎಂದು ಮಕ್ಕಳಿಗೆ ಹೇಳುತ್ತಾರೆ. ತನ್ನ ಇಚ್ಛೆಯಿಲ್ಲದೆ ಒಂದು ವಸ್ತು ಇನ್ನೊಂದರ ಕಡೆಗೆ ಸಾಗುವುದು ಅದರ ಜೀವಾಳ. ಆದ್ದರಿಂದ ‘ಗಮನ ಸೆಳೆ’ ಎಂಬುದು ಇಂಗ್ಲಿಷಿನ ನೆರಳಿನಲ್ಲಿ ಹುಟ್ಟಿದ್ದರೂ ಒಳ್ಳೆಯ ಕನ್ನಡವೇ. ವಿಧಾನಮಂಡಲದ ‘ಗಮನ ಸೆಳೆಯುವ ಸೂಚನೆ’ಯೂ ಚೆನ್ನಾಗಿ ನೆಲೆಯೂರಿದೆ. ಆದರೆ ಖಜಾನೆಯಿಂದ ಸಿಬ್ಬಂದಿಯ ಸಂಬಳ ಪಡೆದು ಹಂಚುವ ಅಧಿಕಾರಿಯನ್ನು ‘ಹಣ ಸೆಳೆಯುವ ಅಧಿಕಾರಿ’ ಎಂದು ಕರೆದಾಗ ನನಗೆ ಗಾಬರಿಯಾಗುತ್ತದೆ. ಪಾಪ, ಆ ಮುಖ್ಯೋಪಾಧ್ಯಾಯರು ಯಾರ ಹಣವನ್ನೂ ಸೆಳೆದವರಲ್ಲ. ‘ಸಂಬಳ ಪಡೆದು ಬಟವಾಡೆ ಮಾಡುವವರು’ ಎಂದಿದ್ದರೆ ಜವಾನನಿಗೂ ತಿಳಿಯುತ್ತಿತ್ತು.

‘ಕಾಲೆಳೆಯುವುದು’ ಇನ್ನೊಂದು ಬಗೆಯ ಉದಾಹರಣೆ. ಮೇಲೇರುವವನ ಕಾಲು ಹಿಡಿದು ಕೆಳಗೆಳೆಯುವುದು ನಮ್ಮಲ್ಲಿ ಇದ್ದ ಅರ್ಥ, ಅದರಲ್ಲಿ ಹೊಟ್ಟೆಕಿಚ್ಚಿತ್ತು. ಇಂಗ್ಲಿಷಿನ ‘ಪುಲ್’ ಸೇರಿದ ನುಡಿಗಟ್ಟಿನಿಂದ ಬಂದ ಅರ್ಥ ತಮಾಷೆ ಮಾಡುವುದು, ಅದರಲ್ಲಿ ಸಲಿಗೆಯಿದೆ. ಇಂದು ಪತ್ರಿಕೆಯಲ್ಲಿ ‘ಗೆಳೆಯನ ಕಾಲೆಳೆದ ನಟ’ ಎಂದು ಓದಿದರೆ ಕೀಟಲೆ ಎಂದು ತಿಳಿಯಬೇಕು. ‘ಸಹೋದ್ಯೋಗಿಗಳೇ ಕಾಲೆಳೆದರು’ ಎಂದರೆ ದ್ರೋಹ ಎಂದು ತಿಳಿಯಬೇಕು. ಒಂದೇ ಮಾತಿನೊಳಗೆ ಸ್ನೇಹವೂ ವೈರವೂ ವಾಸಮಾಡಿಕೊಂಡಿವೆ, ಯಾವ ನಿಘಂಟಿನ ಅಪ್ಪಣೆಯನ್ನೂ ಕೇಳದೆ.

ಈ ಎಲ್ಲದರಿಂದ ‘ಡ್ರಾ’ ಎಂಬ ಪರಕೀಯನನ್ನು ಹೊರಗಟ್ಟಬೇಕೆಂಬ ವಾದಕ್ಕೆ ನಾನು ಬರುತ್ತಿಲ್ಲ. ಕ್ರಿಕೆಟ್ಟಿನಲ್ಲಿ ‘ಡ್ರಾ’ ಬೇರೆ, ‘ಟೈ’ ಬೇರೆ. ಎರಡನ್ನೂ ‘ಸಮ’ ಎಂದರೆ ಆಟವೇ ತಪ್ಪಿಹೋಗುತ್ತದೆ. ಕುಸ್ತಿಯ ಕಣದಲ್ಲಿ ‘ಬರೋಬರಿ’ ಎನ್ನುವ ಜನವೇ ಟಿ.ವಿ. ಮುಂದೆ ಕುಳಿತಾಗ ‘ಡ್ರಾ ಆಯಿತು’ ಎನ್ನುತ್ತಾರೆ. ಅವರಿಗೆ ವ್ಯತ್ಯಾಸ ಗೊತ್ತಿದೆ. 2007ರಲ್ಲಿ ರಾಜ್ಯದಲ್ಲಿ ಲಾಟರಿ ನಿಂತ ಮೇಲೆಯೂ ‘ಡ್ರಾ ಯಾವತ್ತು’ ಎಂಬ ಪ್ರಶ್ನೆ ಚೀಟಿ ವ್ಯವಹಾರದಲ್ಲಿ ಉಳಿದುಕೊಂಡಿತು, ‘ಚೀಟಿ ಎತ್ತುವುದು’ ಎಂಬ ನಮ್ಮ ಮಾತಿನ ಜೊತೆಜೊತೆಗೇ. ನನ್ನ ಆತಂಕ ‘ಮಾಡು’ ಎಂಬುದರ ಬಗ್ಗೆ. ಹಣ ಡ್ರಾ ಮಾಡು, ಚಿತ್ರ ಡ್ರಾ ಮಾಡು, ಗೆರೆ ಡ್ರಾ ಮಾಡು ಎಂದು ಮೂರಕ್ಕೂ ‘ಮಾಡು’ ಅಂಟಿಸಿದಾಗ ಒಂದು ಇಂಗ್ಲಿಷ್ ಪದ ಬಂತು ಎಂಬುದಕ್ಕಿಂತ ಬಿಡಿಸು, ಬರೆ, ಎಳೆ ಎಂಬ ಮೂರು ಕನ್ನಡ ಪದಗಳು ಕೆಲಸವಿಲ್ಲದೆ ಕುಳಿತವು ಎಂಬುದು ದೊಡ್ಡ ಸಂಗತಿ.

ಮತ್ತೆ ತೊಗರ್ಸಿಯ ಆ ಹಿತ್ತಿಲಿಗೆ ಬರುತ್ತೇನೆ. ನೀರು ಎಳೆಯುವುದಿಲ್ಲ, ಸೇದುವುದು ಎಂದು ನನ್ನನ್ನು ತಿದ್ದಿದ ಆ ತಾಯಿ ಇನ್ನೂ ಅಲ್ಲೇ ಕುಳಿತಿದ್ದರು. ಅಷ್ಟರಲ್ಲಿ ಅವರ ಮೊಮ್ಮಗ ತೋಟದಿಂದ ಬಂದವನು, “ಅಜ್ಜಿ, ಮೋಟ್ರು ನೀರು ಎಳೀತಿಲ್ಲ” ಎಂದ. ಅವರು ಅವನನ್ನು ತಿದ್ದಲಿಲ್ಲ. “ಗಾಳಿ ಹಿಡದೈತೇನೋ ನೋಡು” ಎಂದರು. ನಾನು ಬಿಡಲಿಲ್ಲ. ಅವನು ನೀರು ಎಳೆಯುವುದು ಎಂದನಲ್ಲ, ಅದು ತಪ್ಪಲ್ಲವೇ ಎಂದು ಕೇಳಿದೆ. ಅವರಿಗೆ ನನ್ನ ಪ್ರಶ್ನೆ ಮೊದಲಿಗಿಂತ ಹೆಚ್ಚು ಪೆದ್ದಾಗಿ ಕಂಡಿರಬೇಕು. “ಅದು ಮಿಷನ್ನು. ಸೇದಾಕೆ ಅದಕ್ಕೆ ಕೈ ಎಲ್ಲೈತಿ?” ಎಂದರು.

ನನ್ನ ಕೆಂಪು ಶಾಯಿ ನೆನಪಾದದ್ದು ಆಗ. ನನ್ನ ತಲೆಯಲ್ಲಿದ್ದ ಬಾವಿಗೆ ರಾಟೆಯಿತ್ತು, ಹಗ್ಗವಿತ್ತು, ಕೊಡವಿತ್ತು. ಆ ವಿದ್ಯಾರ್ಥಿಯ ಊರಿನ ಬಾವಿಯ ಮೇಲೆ ಐದು ಅಶ್ವಶಕ್ತಿಯ ಮೋಟರು ಕುಳಿತಿದ್ದಿರಬಹುದು. ವಾಕ್ಯದಲ್ಲಿ ಇದ್ದವರು ರೈತರು. ಇಂದಿನ ರೈತರು ಬಾವಿಯಿಂದ ತೋಟಕ್ಕೆ ಕೊಡದಲ್ಲಿ ನೀರು ಸೇದುವುದಿಲ್ಲ. ಅವನು ನಿಘಂಟನ್ನು ನೋಡಿ ಬರೆದಿದ್ದನೋ, ತನ್ನ ಮನೆಯ ಮಾತನ್ನು ಬರೆದಿದ್ದನೋ, ಈಗ ತಿಳಿಯುವ ಉಪಾಯವಿಲ್ಲ. ಆದರೆ ಅದನ್ನು ಕೇಳಿಕೊಳ್ಳದೆಯೇ ಅರ್ಧ ಅಂಕ ಕಳೆದದ್ದು ನನ್ನ ತಪ್ಪು. ಮೋಟರು ನಿಜವಾಗಿ ಎಳೆಯುವುದಿಲ್ಲ, ಕೊಳವೆಯಲ್ಲಿ ಗಾಳಿ ಕಡಿಮೆಯಾದಾಗ ಹೊರಗಿನ ವಾಯುಮಂಡಲದ ಒತ್ತಡವೇ ನೀರನ್ನು ಮೇಲಕ್ಕೆ ತಳ್ಳುತ್ತದೆ ಎಂದು ಭೌತಶಾಸ್ತ್ರದ ಮಿತ್ರರು ನನಗೆ ಆಮೇಲೆ ವಿವರಿಸಿದರು. ಇರಬಹುದು, ಭಾಷೆ ಆ ಪಾಠಕ್ಕೆ ಹಾಜರಾಗಿರಲಿಲ್ಲ.

ಕ್ರಿಯಾಪದಗಳು ಅಳಿಯುತ್ತಿವೆ ಎಂದು ನಾವು ಶೋಕಿಸುವುದರಲ್ಲಿ ಅರ್ಧ ಮಾತ್ರ ನಿಜ ಎಂದು ನನಗೆ ಈಗ ಅನ್ನಿಸುತ್ತದೆ. ‘ಸೇದು’ ನಿಜವಾಗಿಯೂ ಹಿಂದೆ ಸರಿಯುತ್ತಿದೆ. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ನಿನ ನಲ್ಲಿಗಳು ಮನೆ ಬಾಗಿಲಿಗೆ ಬರುತ್ತಿರುವಾಗ ನೀರನ್ನು ಸೇದುವವರಿಗಿಂತ ‘ಹಿಡಿಯುವವರು’ ಹೆಚ್ಚಾಗುತ್ತಾರೆ. ಆ ಬೆನ್ನುನೋವು ತಪ್ಪಿದ್ದಕ್ಕೆ ಯಾವ ಹೆಣ್ಣುಮಗಳೂ ಒಂದು ಪದಕ್ಕಾಗಿ ಅಳಲಾರಳು, ಅಳಬೇಕಾಗಿಯೂ ಇಲ್ಲ. ಆದರೆ ‘ಎಳೆ’ ಹೊಸ ಹೊಸ ಕೆಲಸಗಳನ್ನು ಹುಡುಕಿಕೊಳ್ಳುತ್ತಿದೆ. ಕರೆಂಟಿನ ಲೈನು ಎಳೆಯುತ್ತಾರೆ, ಮೋಟರು ನೀರು ಎಳೆಯುತ್ತದೆ. ಹಳೆಯದನ್ನು ದಾಖಲಿಸುವ ಉತ್ಸಾಹದಲ್ಲಿ ನಾವು ಈ ಹೊಸದನ್ನು ತಪ್ಪೆಂದು ಹೊಡೆದುಹಾಕುತ್ತಿದ್ದೇವೆ.

ನಿಘಂಟುಗಳಿಗೆ ಬಂದರೆ, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟು ಕನ್ನಡ ಪದಗಳನ್ನು ಪ್ರಯೋಗಗಳ ಸಹಿತ ಕೊಟ್ಟಿರುವುದು ದೊಡ್ಡ ಸಾಧನೆ. ಅದರ ಪ್ರಯೋಗಗಳು ಬಹುಮಟ್ಟಿಗೆ ಶಾಸನ ಮತ್ತು ಸಾಹಿತ್ಯದವು, ಬಾವಿಕಟ್ಟೆಯವು ಕಡಿಮೆ. ಕನ್ನಡ ವಿಶ್ವವಿದ್ಯಾಲಯ ಸೇರಿದಂತೆ ಕೆಲವು ಸಂಸ್ಥೆಗಳು ತಂದಿರುವ ವೃತ್ತಿಪದಕೋಶಗಳು ಆ ಕೊರತೆಯನ್ನು ಸ್ವಲ್ಪ ತುಂಬಿವೆ. ಆದರೆ ನಾನು ನೋಡಿದ ಮಟ್ಟಿಗೆ ಅಲ್ಲಿ ಉಪಕರಣಗಳ ಹೆಸರುಗಳಿಗೆ ಸಿಕ್ಕಿರುವ ಆದರ ಆ ಉಪಕರಣದಿಂದ ಮಾಡುವ ಕೆಲಸದ ಹೆಸರಿಗೆ ಸಿಕ್ಕಿಲ್ಲ. ನೇಗಿಲಿನ ಇಪ್ಪತ್ತು ಭಾಗಗಳ ಹೆಸರು ಇರುತ್ತದೆ. ಆ ಭಾಗವನ್ನು ಬಿಗಿಯುತ್ತಾರೋ ಸೇರಿಸುತ್ತಾರೋ ಹೊಡೆಯುತ್ತಾರೋ ಎಂಬುದು ಇರುವುದಿಲ್ಲ. ಸಂಗ್ರಹಕ್ಕೆ ಹೋಗುವ ವಿದ್ಯಾರ್ಥಿ ವಸ್ತುವನ್ನು ತೋರಿಸಿ ‘ಇದಕ್ಕೆ ಏನಂತೀರಿ’ ಎಂದು ಕೇಳುವುದನ್ನು ಕಲಿತಿದ್ದಾನೆ. ಕೆಲಸ ನಡೆಯುವ ಹೊತ್ತಿನಲ್ಲಿ ಸುಮ್ಮನೆ ಪಕ್ಕದಲ್ಲಿ ನಿಂತು ಕಿವಿಗೊಡುವುದನ್ನು ನಾವು ಅವನಿಗೆ ಕಲಿಸಿಲ್ಲ.

ಮುಂದೆ ಯಾರಾದರೂ ಇಂಗ್ಲಿಷ್–ಕನ್ನಡ ನಿಘಂಟನ್ನು ಪರಿಷ್ಕರಿಸುವುದಾದರೆ ‘ಡ್ರಾ’ದಂಥ ಪದಗಳ ಕೆಳಗೆ ಇಂಗ್ಲಿಷಿನ ಅರ್ಥಸಂಖ್ಯೆಗಳ ಬದಲು ಕನ್ನಡದ ವಸ್ತುಗಳನ್ನು ಇಟ್ಟು ನೋಡಬೇಕೆಂದು ನನ್ನ ಅರಿಕೆ. ನೀರು ಎಂದು ಬರೆದು, ಹಗ್ಗದಿಂದಾದರೆ ಸೇದು, ಉತ್ತರದ ಸೀಮೆಯಲ್ಲಿ ಜಗ್ಗು, ಯಂತ್ರದಿಂದಾದರೆ ಎಳೆ ಎಂದು ಹೇಳಲಿ. ಹಣ ಎಂದು ಬರೆದು ಬಿಡಿಸು, ತೆಗೆ, ಪಡೆ ಎನ್ನಲಿ; ಜನ ‘ಡ್ರಾ ಮಾಡು’ ಎಂದೂ ಅನ್ನುತ್ತಾರೆಂಬುದನ್ನು ಮುಚ್ಚಿಡದಿರಲಿ. ಕೋಶ ದಪ್ಪವಾಗುತ್ತದೆ ಎಂಬ ಆಕ್ಷೇಪಣೆ ಬರುತ್ತದೆ. ಅಚ್ಚಿನ ಪುಟಗಳ ಲೆಕ್ಕ ಇಂದು ಮೊದಲಿನಷ್ಟು ದೊಡ್ಡ ಅಡ್ಡಿಯಲ್ಲ. ಅನುವಾದ ಯಂತ್ರಗಳಿಗೆ ಉಣಿಸುವ ಸಾಮಗ್ರಿಯಂತೂ ದಪ್ಪವಾದಷ್ಟೂ ಒಳ್ಳೆಯದು. ಆ ಯಂತ್ರಗಳಿಗೂ ಕೈಯಿಲ್ಲ, ಯಾರಾದರೂ ಹೇಳಿಕೊಡಬೇಕು.

ಕಳೆದ ಸಲ ಭಾಷಾಂತರದ ಪ್ರಶ್ನೆಪತ್ರಿಕೆ ತೆಗೆಯುವ ಸರದಿ ನನ್ನದಾಗಿತ್ತು. ಅದೇ ಬಾವಿಯ ವಾಕ್ಯವನ್ನು ಕೊಟ್ಟೆ. ಹಗ್ಗ ಮತ್ತು ಕೊಡ ಎಂಬ ಎರಡು ಪದಗಳನ್ನು ಮಾತ್ರ ಅದಕ್ಕೆ ಸೇರಿಸಿದೆ. ಉತ್ತರಗಳಲ್ಲಿ ಸೇದು ಬಂತು, ಜಗ್ಗು ಬಂತು, ಎತ್ತು ಬಂತು. ಮೂರಕ್ಕೂ ಪೂರ್ಣ ಅಂಕ ಕೊಟ್ಟೆ. ‘ನೀರು ಡ್ರಾ ಮಾಡುತ್ತಾರೆ’ ಎಂದು ಒಬ್ಬರು ಬರೆದಿದ್ದರು. ಆ ಪುಸ್ತಿಕೆಯನ್ನು ಬದಿಗಿಟ್ಟುಕೊಂಡು ಬಹಳ ಹೊತ್ತು ಯೋಚಿಸಿದೆ.